ಹೊಸ ಸ್ಪೋರ್ಟ್ಸ್ ಕಾರೋ, ಒಂದೆರಡು ವರ್ಷ ಓಡಿದ ಕಾರೋ: ಬೆಲೆ, ತೆರಿಗೆ ಮತ್ತು ಮೊದಲ ಎರಡು ಸಾವಿರ ಕಿಲೋಮೀಟರ್

ವೇಗದ ಕಾರುಗಳ ಖರೀದಿ ಲೆಕ್ಕ 2025ರಲ್ಲಿ ಹಲವು ಕಡೆಯಿಂದ ಬದಲಾಯಿತು. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಆ ವರ್ಷದ ಮೇ ತಿಂಗಳಲ್ಲಿ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಅಕ್ಟೋಬರಿನಲ್ಲಿ ಐವತ್ತು ಲಕ್ಷ ರೂಪಾಯಿಯ ಆಸುಪಾಸಿನ ಬೆಲೆಗೆ ಭಾರತದ ಮಾರುಕಟ್ಟೆಗೆ ಬಂದವು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಪರಿಷ್ಕೃತಗೊಂಡವು. ಇದರ ನಡುವೆ, ಹೊರ ರಾಜ್ಯಗಳ ನೋಂದಣಿ ಇಟ್ಟುಕೊಂಡು ಬೆಂಗಳೂರಿನಲ್ಲಿ ಓಡುತ್ತಿದ್ದ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ ಹಿಡಿಯತೊಡಗಿತು. ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಕಾರಿನಿಂದಲೇ ಸುಮಾರು 1.4 ಕೋಟಿ ರೂಪಾಯಿ ತೆರಿಗೆ ವಸೂಲಾಯಿತು. ಹತ್ತಾರು ವರ್ಷ ದುಡಿದು, ಒಂದು ಒಳ್ಳೆಯ ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂದು ಹಣ ಕೂಡಿಟ್ಟವರಿಗೆ ಈಗ ಎದುರಾಗುವ ಪ್ರಶ್ನೆ ಇದು: ಶೋರೂಮಿನಿಂದ ಹೊಸ ಕಾರನ್ನೇ ತರಬೇಕೇ, ಇಲ್ಲವೇ ಒಂದೆರಡು ವರ್ಷ ಓಡಿದ, ಇನ್ನೂ ಹೊಸದರಂತಿರುವ ಕಾರನ್ನು ಕೊಳ್ಳಬೇಕೇ?

ಈ ಲೆಕ್ಕ ಎಲ್ಲ ಊರುಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಕರ್ನಾಟಕದಲ್ಲಿ ಉತ್ತರವನ್ನು ನಿರ್ಧರಿಸುವುದು ಕಾರಿನ ವಯಸ್ಸಿಗಿಂತ ಹೆಚ್ಚಾಗಿ ಎರಡು ಸಂಗತಿಗಳು: ನೋಂದಣಿಯ ವೇಳೆ ಒಮ್ಮೆಗೇ ಕಟ್ಟುವ ಅದರ ಜೀವಾವಧಿ ತೆರಿಗೆ ಯಾವ ರಾಜ್ಯದ ಖಜಾನೆಗೆ ಸಂದಿದೆ ಎಂಬುದು, ಮತ್ತು ಅದರ ಮೊದಲ ಕೆಲವು ಸಾವಿರ ಕಿಲೋಮೀಟರುಗಳನ್ನು ಯಾರು, ಹೇಗೆ ಓಡಿಸಿದ್ದಾರೆ ಎಂಬುದು.

ಮೊದಲು ಕೆಲವು ಪದಗಳು

ಸ್ಪೋರ್ಟ್ಸ್ ಕಾರು ಎಂಬುದಕ್ಕೆ ಕಾನೂನಿನಲ್ಲಿ ಪ್ರತ್ಯೇಕ ವ್ಯಾಖ್ಯೆಯಿಲ್ಲ. ಪೋರ್ಷೆ 911, ಬಿಎಂಡಬ್ಲ್ಯು ಎಂ2 ಇವುಗಳಂಥ ಎರಡು ಬಾಗಿಲಿನ ಕಾರುಗಳ ಜೊತೆಗೆ, ಸಾಧಾರಣ ಕಾರಿನ ಮೈಕಟ್ಟಿನಲ್ಲಿಯೇ ಹೆಚ್ಚು ಶಕ್ತಿಯ ಎಂಜಿನ್, ಬಿಗಿಯಾದ ಸಸ್ಪೆನ್ಷನ್ ಹಾಗೂ ದೊಡ್ಡ ಬ್ರೇಕ್ ಅಳವಡಿಸಿದ ಜಿಟಿಐ, ಆರ್‌ಎಸ್ ಮಾದರಿಗಳನ್ನೂ ಇಲ್ಲಿ ಅದೇ ಹೆಸರಿನಿಂದ ಕರೆಯಲಾಗಿದೆ. ‘ಹೊಸದರಂತಿರುವ ಕಾರು’ ಎಂದರೆ ಮೂರು ವರ್ಷ ದಾಟದ, ಕಂಪನಿಯ ಮೂಲ ವಾರಂಟಿ ಇನ್ನೂ ಉಳಿದಿರುವ ಸೆಕೆಂಡ್ ಹ್ಯಾಂಡ್ ಕಾರು ಎಂದು ಇಟ್ಟುಕೊಳ್ಳೋಣ.

ಎಕ್ಸ್-ಶೋರೂಂ ಬೆಲೆ ಎಂದರೆ ಜಿಎಸ್‌ಟಿ ಸೇರಿದ ಕಾರಿನ ಬೆಲೆ. ಅದಕ್ಕೆ ರಾಜ್ಯದ ಜೀವಾವಧಿ ತೆರಿಗೆ, ವಿಮೆ ಹಾಗೂ ನೋಂದಣಿ ಶುಲ್ಕಗಳನ್ನು ಕೂಡಿಸಿದರೆ ಆನ್-ರೋಡ್ ಬೆಲೆ. ಜಾಹೀರಾತಿನಲ್ಲಿ ಕಾಣುವುದು ಮೊದಲನೆಯದು, ಬ್ಯಾಂಕ್ ಖಾತೆಯಿಂದ ಹೋಗುವುದು ಎರಡನೆಯದು.

ಹೊಸ ಕಾರಿನ ಆನ್-ರೋಡ್ ಬೆಲೆಯೊಳಗೆ ಏನಿದೆ?

ಲೆಕ್ಕದ ಅನುಕೂಲಕ್ಕಾಗಿ ಎಕ್ಸ್-ಶೋರೂಂ ಬೆಲೆ 50 ಲಕ್ಷ ರೂಪಾಯಿ ಇರುವ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18. ಅಂದರೆ 9 ಲಕ್ಷ. ಈ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್ ಇರುವುದರಿಂದ ಇನ್ನೂ 99 ಸಾವಿರ ಸೇರಿ, ರಾಜ್ಯಕ್ಕೆ ಸಲ್ಲುವ ಮೊತ್ತ 9.99 ಲಕ್ಷವಾಗುತ್ತದೆ. ಕಾರಿನ ಬೆಲೆಯ ಐದನೇ ಒಂದು ಭಾಗ ಹೀಗೆ ನೋಂದಣಿಯ ದಿನವೇ ಹೋಗುತ್ತದೆ. ದೇಶದಲ್ಲಿ ಅತಿ ಹೆಚ್ಚು ವಾಹನ ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ವಿಮೆಗೆ ಎರಡು ಲಕ್ಷ ಎಂದು ಹಿಡಿದರೆ ಒಟ್ಟು ಸುಮಾರು 62 ಲಕ್ಷ. ಹತ್ತು ಲಕ್ಷ ಮೀರಿದ ವಾಹನಕ್ಕೆ ಶೇ 1ರಷ್ಟು ಟಿಸಿಎಸ್ ಕೂಡ ಕಟ್ಟಿಸಿಕೊಳ್ಳುತ್ತಾರೆ, ಇಲ್ಲಿ ಅದು 50 ಸಾವಿರ. ಆದರೆ ಇದು ನಿಮ್ಮ ಹೆಸರಿನಲ್ಲಿಯೇ ಜಮೆಯಾಗುವ ಆದಾಯ ತೆರಿಗೆಯಾದ್ದರಿಂದ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಇದನ್ನು ಖರ್ಚೆಂದು ಬರೆದುಕೊಳ್ಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದದ್ದು, 62 ಲಕ್ಷದಲ್ಲಿ 12 ಲಕ್ಷ ಕಾರಿಗೆ ಸಂದ ಹಣವೇ ಅಲ್ಲ. ಮನೆ ಕೊಂಡವರು ನೋಂದಣಿಗೆ ಕಟ್ಟಿದ ಮುದ್ರಾಂಕ ಶುಲ್ಕವನ್ನು ಮುಂದೆ ಮಾರುವಾಗ ಯಾರಿಂದಲೂ ಪ್ರತ್ಯೇಕವಾಗಿ ಕೇಳಿ ಪಡೆಯಲಾಗದು. ಮಾರುಕಟ್ಟೆ ಕೊಟ್ಟ ಬೆಲೆಯಲ್ಲಿ ಅದು ಎಷ್ಟು ಅಡಗಿದೆಯೋ ಅಷ್ಟೇ ಸಿಗುತ್ತದೆ. ಜೀವಾವಧಿ ತೆರಿಗೆಯದೂ ಇದೇ ಸ್ಥಿತಿ. ಮೊದಲ ಮಾಲೀಕ ಅದನ್ನು ಪೂರ್ತಿಯಾಗಿ ಕಟ್ಟಿರುತ್ತಾನೆ, ಎರಡನೆಯವನು ರಾಜ್ಯದೊಳಗೇ ಆ ಕಾರನ್ನು ಕೊಂಡರೆ ಮತ್ತೆ ಕಟ್ಟಬೇಕಿಲ್ಲ. ಹೊಸದರಂತಿರುವ ಕಾರಿನ ದೊಡ್ಡ ಲಾಭ ಹುಟ್ಟುವುದು ಇಲ್ಲಿಂದಲೇ.

ಸವಕಳಿ: ಪುಸ್ತಕದ ಲೆಕ್ಕ, ಮಾರುಕಟ್ಟೆಯ ಲೆಕ್ಕ

ಬಳಕೆಯಿಂದ ಹಾಗೂ ಕಾಲ ಸರಿದಂತೆ ವಸ್ತುವಿನ ಬೆಲೆ ಇಳಿಯುವುದಕ್ಕೆ ಸವಕಳಿ ಎನ್ನುತ್ತಾರೆ. ಕಾರುಗಳ ವಿಷಯದಲ್ಲಿ ಇದಕ್ಕೆ ಒಂದು ಅಧಿಕೃತ ಅಳತೆಗೋಲು ವಿಮೆಯಲ್ಲಿದೆ. ಕಾರು ಕಳವಾದರೆ ಅಥವಾ ಪೂರ್ಣ ಜಖಂ ಆದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತವನ್ನು ಐಡಿವಿ ಎಂದು ಕರೆಯುತ್ತಾರೆ. ಇದು ಆರು ತಿಂಗಳೊಳಗಿನ ಕಾರಿಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡು ವರ್ಷದೊಳಗೆ ಶೇ 20, ಮೂರು ವರ್ಷದೊಳಗೆ ಶೇ 30ರಷ್ಟು ಇಳಿಯುತ್ತದೆ. ನಮ್ಮ 50 ಲಕ್ಷದ ಕಾರು ಒಂದೂವರೆ ವರ್ಷಕ್ಕೆ ವಿಮೆಯ ಪುಸ್ತಕದಲ್ಲಿ 40 ಲಕ್ಷದ್ದಾಗಿರುತ್ತದೆ.

ಮಾರುಕಟ್ಟೆ ಈ ಪುಸ್ತಕವನ್ನು ಅಕ್ಷರಶಃ ಅನುಸರಿಸುವುದಿಲ್ಲ. ಸ್ಪೋರ್ಟ್ಸ್ ಕಾರುಗಳಲ್ಲಿ ಮಾದರಿಯಿಂದ ಮಾದರಿಗೆ ವ್ಯತ್ಯಾಸ ಬಹಳ ದೊಡ್ಡದು. ಹೊಸ ಆಕ್ಟೇವಿಯಾ ಆರ್‌ಎಸ್ ದೇಶಕ್ಕೆ ಬಂದದ್ದು ನೂರು ಕಾರುಗಳ ಲೆಕ್ಕದಲ್ಲಿ, ಜಿಟಿಐ ಮೊದಲ ಕಂತು ನೂರೈವತ್ತು. ಶೋರೂಮಿನಲ್ಲಿ ಕಾರೇ ಉಳಿದಿಲ್ಲದಿರುವಾಗ ಮಾರುವವನು ಬೆಲೆ ಇಳಿಸುವ ತುರ್ತು ಕಡಿಮೆ. ಇದಕ್ಕೆ ವಿರುದ್ಧವಾಗಿ, ಶೋರೂಮಿನಲ್ಲಿ ಸದಾ ಸಿಗುವ, ಪ್ರತಿ ವರ್ಷದ ಕೊನೆಗೆ ರಿಯಾಯಿತಿ ಘೋಷಣೆಯಾಗುವ ಮಾದರಿಗಳು ಮೊದಲ ಎರಡು ವರ್ಷಗಳಲ್ಲಿಯೇ ಬೇಗ ಸವೆಯುತ್ತವೆ. ಆದ್ದರಿಂದ ಬೇಕಾದ ಮಾದರಿ ಈ ಎರಡರಲ್ಲಿ ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯದೆ, ‘ಸೆಕೆಂಡ್ ಹ್ಯಾಂಡ್ ಎಂದರೆ ಅಗ್ಗ’ ಎಂದು ತೀರ್ಮಾನಿಸುವುದು ಸರಿಯಲ್ಲ.

ಇನ್ನೊಂದು ಅಂಶವನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ. 1,500 ಸಿಸಿ ಮೀರಿದ ಎಂಜಿನ್ನಿನ, ಎಸ್‌ಯುವಿ ಅಲ್ಲದ ಕಾರಿಗೆ 2025ರ ಸೆಪ್ಟೆಂಬರಿನವರೆಗೆ ಶೇ 28 ಜಿಎಸ್‌ಟಿ ಹಾಗೂ ಶೇ 20 ಪರಿಹಾರ ಸೆಸ್ ಸೇರಿ ಶೇ 48 ಬೀಳುತ್ತಿತ್ತು. ಈಗ ಸೆಸ್ ಇಲ್ಲದೆ ಶೇ 40. ಹಳೆಯ ದರದಲ್ಲಿ 50 ಲಕ್ಷವಿದ್ದ ಕಾರು, ಕಂಪನಿ ತನ್ನ ಮೂಲ ಬೆಲೆಯನ್ನು ಬದಲಿಸದಿದ್ದರೆ, ಹೊಸ ದರದಲ್ಲಿ ಸುಮಾರು 47.3 ಲಕ್ಷಕ್ಕೆ ಬರುತ್ತದೆ. ಆಗಸ್ಟಿನಲ್ಲಿ ಕೊಂಡವರು ತಮ್ಮ ಬಿಲ್ಲನ್ನು ತೋರಿಸಿ ‘ಐವತ್ತು ಕೊಟ್ಟಿದ್ದೇನೆ’ ಎಂದರೆ ಅದು ಸುಳ್ಳಲ್ಲ. ಆದರೂ ಸವಕಳಿಯನ್ನು ಕಳೆಯಬೇಕಾದದ್ದು ಹಳೆಯ ಬಿಲ್ಲಿನಿಂದಲ್ಲ, ಅದೇ ಕಾರಿನ ಇಂದಿನ ಹೊಸ ಬೆಲೆಯಿಂದ.

ಪೂರ್ಣವಾಗಿ ವಿದೇಶದಲ್ಲಿ ತಯಾರಾಗಿ ಬರುವ ಕಾರುಗಳಿಗೆ ಆಮದು ಸುಂಕದ ಚಿಂತೆಯೂ ಇದೆ. ದುಬಾರಿ ಕಾರುಗಳ ಮೇಲೆ ಈ ಸುಂಕ ಕಾರಿನ ಮೂಲ ಬೆಲೆಯನ್ನೇ ಮುಟ್ಟುವಷ್ಟು ದೊಡ್ಡದಾಗಿತ್ತು. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದವು ನಿಗದಿತ ಸಂಖ್ಯೆಯ ಕಾರುಗಳ ಮಟ್ಟಿಗೆ ಅದನ್ನು ಹಂತ ಹಂತವಾಗಿ ಶೇ 10ಕ್ಕೆ ಇಳಿಸುವುದಕ್ಕೆ ಒಪ್ಪಿದೆ. ಸುಂಕ ಇಳಿದು ಹೊಸ ಕಾರು ಅಗ್ಗವಾದರೆ, ಈಗಾಗಲೇ ರಸ್ತೆಯಲ್ಲಿರುವ ಅದೇ ಮಾದರಿಯ ಕಾರಿನ ಬೆಲೆಯೂ ಅದರ ಹಿಂದೆಯೇ ಇಳಿಯುತ್ತದೆ. ಹೊಸದಾಗಲಿ ಹಳೆಯದಾಗಲಿ, ಆಮದು ಕಾರನ್ನು ಎರಡೇ ವರ್ಷದಲ್ಲಿ ಮಾರುವ ಉದ್ದೇಶವಿರುವವರು ಇದನ್ನು ಮರೆಯಬಾರದು.

ಹೊರ ರಾಜ್ಯದ ಕಾರು ಏಕೆ ಅಗ್ಗ?

ದೆಹಲಿ, ಮುಂಬೈ ಕಡೆಯ ಮಾರಾಟಗಾರರ ಪಟ್ಟಿಯಲ್ಲಿ ಅದೇ ಮಾದರಿಯ, ಅದೇ ವರ್ಷದ ಕಾರು ಬೆಂಗಳೂರಿಗಿಂತ ನಾಲ್ಕೈದು ಲಕ್ಷ ಕಡಿಮೆಗೆ ಕಂಡರೆ ಯಾರಿಗಾದರೂ ಆಸೆಯಾಗುವುದು ಸಹಜ. ದೆಹಲಿಯಲ್ಲಿ ಇಂಥ ಕಾರಿಗೆ ಮೊದಲ ಮಾಲೀಕ ಕಟ್ಟಿದ ರಸ್ತೆ ತೆರಿಗೆ ನಮ್ಮಲ್ಲಿಯದಕ್ಕಿಂತ ಬಹಳ ಕಡಿಮೆ. ಅಗ್ಗದ ಬೆಲೆಗೆ ಇದೂ ಒಂದು ಕಾರಣ.

ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಅದರೊಂದಿಗೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಈ ತೆರಿಗೆಯನ್ನು ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ. ಹೊಸ ಕಾರಾಗಿದ್ದಾಗಿನ ಬೆಲೆಯನ್ನು ಆಧಾರವಾಗಿಟ್ಟುಕೊಂಡು, ವಯಸ್ಸಿಗೆ ತಕ್ಕಂತೆ ಸ್ವಲ್ಪ ಕಡಿತ ಮಾಡುತ್ತಾರೆ. ಎರಡು ವರ್ಷದೊಳಗಿನ ಕಾರಿಗೆ ಈ ಕಡಿತ ತೀರಾ ಅಲ್ಪ, ಹೊಸ ಕಾರಿನ ತೆರಿಗೆಯ ಶೇ 90ಕ್ಕೂ ಹೆಚ್ಚು ಭಾಗ ಕಟ್ಟಬೇಕಾಗುತ್ತದೆ.

ನಮ್ಮ ಉದಾಹರಣೆಗೇ ಮರಳೋಣ. ಒಂದೂವರೆ ವರ್ಷದ ಅದೇ ಕಾರು ‘ಕೆಎ’ ನೋಂದಣಿಯೊಂದಿಗೆ 46 ಲಕ್ಷಕ್ಕೆ, ದೆಹಲಿ ನೋಂದಣಿಯೊಂದಿಗೆ 41 ಲಕ್ಷಕ್ಕೆ ಸಿಗುತ್ತಿದೆ ಎಂದುಕೊಳ್ಳಿ. ದೆಹಲಿಯ ಕಾರಿಗೆ ಇಲ್ಲಿನ ತೆರಿಗೆ 9 ಲಕ್ಷಕ್ಕೂ ಮೇಲೆ; ಲಾರಿಯಲ್ಲಿ ಸಾಗಿಸಿ ತರುವ ಬಾಡಿಗೆ, ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಹಾಗೂ ಮರುನೋಂದಣಿಯ ಖರ್ಚು ಬೇರೆ. ಐದು ಲಕ್ಷ ಉಳಿಯಿತೆಂದು ತಂದ ಕಾರು ಕೊನೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ದುಬಾರಿಯಾಗಿ ಪರಿಣಮಿಸುತ್ತದೆ. ಮೂಲ ರಾಜ್ಯದಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಅವಧಿಯ ಪಾಲನ್ನು ಮರಳಿ ಕೇಳಲು ಅವಕಾಶವಿದೆಯಾದರೂ, ಆ ಹಣ ಯಾರಿಗೆ ಸೇರಬೇಕು ಎಂಬುದನ್ನು ಖರೀದಿ ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಒಳ್ಳೆಯದು. ಅದು ಕೈಗೆ ಬರಲು ಕಚೇರಿಗಳಿಗೆ ಅಲೆದಾಟವಂತೂ ತಪ್ಪದು.

‘ನಂಬರ್ ಬದಲಿಸದೆ ಹಾಗೆಯೇ ಓಡಿಸಿದರಾಯಿತು’ ಎಂಬ ಸಲಹೆ ಇಂಥ ಕಾರುಗಳ ವಿಷಯದಲ್ಲಿ ನಡೆಯುವುದಿಲ್ಲ. ರಸ್ತೆಯಲ್ಲಿ ಎಲ್ಲರ ಕಣ್ಣು ಸೆಳೆಯುವ ಕಾರು ಸಾರಿಗೆ ಅಧಿಕಾರಿಗಳ ಕಣ್ಣಿಗೂ ಮೊದಲು ಬೀಳುತ್ತದೆ. ಮೇಲೆ ಹೇಳಿದ ಫೆರಾರಿ ಪ್ರಕರಣವೇ ಇದಕ್ಕೆ ಸಾಕ್ಷಿ.

ಡೀಲರ್ ಮೂಲಕ, ಮಾಲೀಕನಿಂದ ನೇರವಾಗಿ

ಬಳಸಿದ ಕಾರಿನ ಇಡೀ ಬೆಲೆಯ ಮೇಲೆ ಜಿಎಸ್‌ಟಿ ಬೀಳುತ್ತದೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಡೀಲರ್ 40 ಲಕ್ಷಕ್ಕೆ ಕೊಂಡು 43 ಲಕ್ಷಕ್ಕೆ ಮಾರಿದರೆ, ನಡುವಿನ 3 ಲಕ್ಷಕ್ಕೆ ಮಾತ್ರ ಶೇ 18ರಂತೆ 54 ಸಾವಿರ ತೆರಿಗೆ. ನೋಂದಾಯಿತ ವ್ಯಾಪಾರಿಯಲ್ಲದ ವ್ಯಕ್ತಿ ತನ್ನ ಸ್ವಂತ ಕಾರನ್ನು ಇನ್ನೊಬ್ಬರಿಗೆ ಮಾರಿದರೆ ಈ ತೆರಿಗೆಯೂ ಇಲ್ಲ. ಪೋರ್ಷೆ, ಬಿಎಂಡಬ್ಲ್ಯು, ಆಡಿ, ಮರ್ಸಿಡಿಸ್ ಮುಂತಾದ ಕಂಪನಿಗಳು ತಮ್ಮದೇ ಪ್ರಮಾಣೀಕೃತ ಬಳಸಿದ ಕಾರುಗಳ ವಿಭಾಗವನ್ನು ನಡೆಸುತ್ತವೆ. ಅಲ್ಲಿ ಬೆಲೆ ಹೆಚ್ಚು, ಆದರೆ ತಪಾಸಣೆ ಹಾಗೂ ಹೆಚ್ಚುವರಿ ವಾರಂಟಿ ದೊರೆಯುತ್ತವೆ. ವೇಗದ ಕಾರಿನ ಒಂದು ಗೇರ್‌ಬಾಕ್ಸ್ ದುರಸ್ತಿಯೇ ಹಲವು ಲಕ್ಷ ನುಂಗಬಹುದಾದ್ದರಿಂದ, ಈ ಹೆಚ್ಚಿನ ಬೆಲೆಯನ್ನು ವಿಮೆಯ ಕಂತೆಂದು ಭಾವಿಸಿ ಕೊಡುವುದರಲ್ಲಿ ಅರ್ಥವಿದೆ.

ಮೊದಲ ಎರಡು ಸಾವಿರ ಕಿಲೋಮೀಟರ್

ಸಾಧಾರಣ ಕಾರಿಗೂ ಸ್ಪೋರ್ಟ್ಸ್ ಕಾರಿಗೂ ಇರುವ ನಿಜವಾದ ಭೇದ ಕಾಣುವುದು ಇಲ್ಲಿ. ಹೊಸ ಎಂಜಿನ್ನಿನ ಪಿಸ್ಟನ್ ರಿಂಗ್‌ಗಳು, ಸಿಲಿಂಡರ್ ಗೋಡೆಗಳು, ಗೇರ್‌ನ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳಲು ಸ್ವಲ್ಪ ಓಟ ಬೇಕು. ಇದನ್ನು ರನ್ನಿಂಗ್-ಇನ್ ಎನ್ನುತ್ತಾರೆ. ಬಿಎಂಡಬ್ಲ್ಯು ತನ್ನ ಎಂ ಕಾರುಗಳಿಗೆ 2,000 ಕಿಲೋಮೀಟರ್ ಹೊತ್ತಿಗೆ ಪ್ರತ್ಯೇಕ ಸರ್ವಿಸ್ ವಿಧಿಸಿದೆ; ಆಗ ಎಂಜಿನ್ ಆಯಿಲ್ ಜೊತೆಗೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಎಣ್ಣೆಯನ್ನೂ ಬದಲಿಸುತ್ತಾರೆ. ಪೋರ್ಷೆ ಮೊದಲ 3,000 ಕಿಲೋಮೀಟರ್ ತನಕ ಎಂಜಿನ್ ವೇಗಕ್ಕೆ ಮಿತಿ ಹೇಳುತ್ತದೆ. ಕಾರು ಕೈಗೆ ಸಿಕ್ಕ ಮೊದಲ ಭಾನುವಾರವೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ಎಂಜಿನ್ ವೇಗದ ಮುಳ್ಳನ್ನು ಕೆಂಪು ಗೆರೆ ಮುಟ್ಟಿಸಿದ ಮಾಲೀಕನಿಗೆ ಆ ದಿನ ಏನೂ ತೊಂದರೆ ಕಾಣಿಸುವುದಿಲ್ಲ, ಅದರ ಫಲ ಮುಂದಿನ ಮಾಲೀಕನ ಪಾಲಿಗೆ ಬರಬಹುದು. ಹೊಸ ಕಾರಿನ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿಯಾದ ವಾದ ಇದೇ: ಆ ಮೊದಲ ಓಟ ನಿಮ್ಮ ಕೈಯಲ್ಲಿರುತ್ತದೆ.

ಓಡಿದ ಕಾರಿನ ಆ ಚರಿತ್ರೆಯನ್ನು ತಿಳಿಯಲು ಕೆಲವು ದಾರಿಗಳಿವೆ. ಎಲ್ಲಕ್ಕಿಂತ ಸುಲಭವಾದದ್ದು ಟೈರ್. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. ‘2324’ ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ಮೀಟರಿನಲ್ಲಿ ಆರು ಸಾವಿರ ಕಿಲೋಮೀಟರ್ ಮಾತ್ರ ಇರುವ ಕಾರಿನ ಎರಡು ಹಿಂಬದಿ ಟೈರ್‌ಗಳು ಕಾರಿಗಿಂತ ಹೊಸವಾಗಿದ್ದರೆ, ಮೂಲ ಟೈರ್‌ಗಳು ಅಷ್ಟು ಬೇಗ ಎಲ್ಲಿ ಸವೆದವು ಎಂದು ಕೇಳಲೇಬೇಕು. ಪಂಕ್ಚರ್ ಆಗಿ ಒಡೆದು ಬದಲಿಸಿದ್ದರೆ ಬಿಲ್ಲು ಇರುತ್ತದೆ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳಿಗೆ ತಾಗುವಷ್ಟು ಎತ್ತರದ ಗೆರೆ ಮೂಡಿದ್ದರೂ ಇದೇ ಪ್ರಶ್ನೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟುಕೋಟ್ಟೈ ರೇಸ್ ಟ್ರ್ಯಾಕ್‌ಗಳಿಗೆ ಬೆಂಗಳೂರಿನ ಕಾರುಗಳು ಹೋಗಿ ಬರುವುದುಂಟು. ಅದು ತಪ್ಪಲ್ಲ, ಮುಚ್ಚಿಡುವುದು ತಪ್ಪು.

ಮಾರುವವರ ಮನೆಗೆ ಹೋಗುವ ಮುನ್ನ ‘ನಾನು ಬರುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ’ ಎಂದು ತಿಳಿಸಿ, ಹೋದೊಡನೆ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ತಣ್ಣಗಿನ ಎಂಜಿನ್ ಮೊದಲ ಬಾರಿ ಚಾಲನೆಯಾದಾಗ ಕೇಳಿಸುವ ಸದ್ದು, ಬಿಸಿಯಾದ ಮೇಲೆ ಅಡಗಿಹೋಗುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ ತಳಭಾಗ ನೋಡುವುದೂ ಅಗತ್ಯ. ನಮ್ಮ ಊರುಗಳ ಹಂಪ್‌ಗಳಿಗೆ ತಗ್ಗಾದ ಕಾರಿನ ಮುಂಭಾಗದ ಕೆಳತುಟಿ ಗೀಚಿಕೊಳ್ಳುವುದು ಸಾಮಾನ್ಯ, ಆದರೆ ಆಯಿಲ್ ಪ್ಯಾನ್ ಮೇಲಿನ ಏಟು ಸಾಮಾನ್ಯವಲ್ಲ. ಬಣ್ಣದ ದಪ್ಪ ಅಳೆಯುವ ಸಣ್ಣ ಉಪಕರಣ ಈಗ ಬಹಳ ಗ್ಯಾರೇಜ್‌ಗಳಲ್ಲಿದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ನಡುವೆ ಇರುವುದರಿಂದ, ಒಂದು ಬಾಗಿಲಿನಲ್ಲಿ ಮಾತ್ರ ಅದರ ಎರಡರಷ್ಟು ತೋರಿಸಿದರೆ ಅಲ್ಲಿ ಮತ್ತೆ ಬಣ್ಣ ಬಳಿದಿದ್ದಾರೆ ಎಂದರ್ಥ.

ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶವನ್ನು ಬದಲಿಸಿ ಶಕ್ತಿ ಹೆಚ್ಚಿಸುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಜಿಟಿಐ, ಆರ್‌ಎಸ್ ವರ್ಗದ ಕಾರುಗಳಲ್ಲಿ ಇದು ಬಹಳ ಸಾಮಾನ್ಯ. ಮಾರುವ ಮುನ್ನ ಹಳೆಯ ತಂತ್ರಾಂಶಕ್ಕೆ ಮರಳಿಸಿದರೂ ಕಂಪನಿಯ ಉಪಕರಣಕ್ಕೆ ಅದರ ಸುಳಿವು ಸಿಗಬಹುದು. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳ ದಾಖಲೆಗೆ ಒಮ್ಮೆ ಈ ಗುರುತು ಬಿದ್ದರೆ ಎಂಜಿನ್, ಗೇರ್‌ಬಾಕ್ಸ್‌ಗಳ ವಾರಂಟಿ ನಿರಾಕರಿಸಲ್ಪಡುವ ಸಾಧ್ಯತೆ ಇರುತ್ತದೆ. ಆದ್ದರಿಂದ ಮುಂಗಡ ಕೊಡುವ ಮುನ್ನ ಅಧಿಕೃತ ಸರ್ವಿಸ್ ಕೇಂದ್ರದಲ್ಲಿಯೇ ತಪಾಸಣೆ ಮಾಡಿಸಿ, ಲಿಖಿತ ವರದಿ ಪಡೆಯುವುದು ಸೂಕ್ತ. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಕಾರನ್ನು ಬಿಟ್ಟುಬಿಡಬಹುದು.

ಶೋರೂಮಿನ ಡೆಮೊ ಕಾರು ಕಡಿಮೆ ಬೆಲೆಗೆ ಸಿಕ್ಕಾಗ ಅದನ್ನು ಹೊಸದೆಂದೇ ಭಾವಿಸುವವರಿದ್ದಾರೆ. ಆದರೆ ಅದರ ರನ್ನಿಂಗ್-ಇನ್ ಅವಧಿ ಕಳೆದಿರುವುದು ಅಪರಿಚಿತರ ಕೈಯಲ್ಲಿ, ಕಾರಿನ ಶಕ್ತಿ ಪರೀಕ್ಷಿಸಲೆಂದೇ ಬಂದವರ ಕಾಲಿನಡಿಯಲ್ಲಿ.

ವಿಮೆ, ವಾರಂಟಿ, ಪೆಟ್ರೋಲ್

ವಾರಂಟಿ ಕಾರಿಗೆ ಅಂಟಿಕೊಂಡಿರುತ್ತದೆ, ಮಾಲೀಕನಿಗಲ್ಲ. ಅದರ ಗಡಿಯಾರ ಶುರುವಾಗುವುದು ಮೊದಲ ಮಾರಾಟದ ದಿನದಿಂದ. ವಿಮೆಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಇದಕ್ಕೆ ತದ್ವಿರುದ್ಧ. ಅದು ಮಾಲೀಕನದು. ಮಾರಿದವನು ತನ್ನ ಬೋನಸ್ಸನ್ನು ತೆಗೆದುಕೊಂಡು ಹೋಗುತ್ತಾನೆ. ಹಾಗೆಯೇ ನಿಮ್ಮ ಹಳೆಯ ಕಾರಿನ ಮೇಲೆ ಗಳಿಸಿದ, ಗರಿಷ್ಠ ಶೇ 50ರವರೆಗಿನ ರಿಯಾಯಿತಿಯನ್ನು ನೀವು ಈ ಕಾರಿಗೆ ತರಬಹುದು. ಕಾರು ಕೈಬದಲಾದ 14 ದಿನಗಳೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳದಿದ್ದರೆ, ನಿಮ್ಮ ಸ್ವಂತ ಕಾರಿನ ಹಾನಿಗೆ ಪರಿಹಾರ ಸಿಗುವುದು ಕಷ್ಟ. ರೇಸ್ ಅಥವಾ ವೇಗ ಪರೀಕ್ಷೆಯಲ್ಲಿ ಆದ ಹಾನಿಗೆ ಸಾಮಾನ್ಯ ಪಾಲಿಸಿ ಅನ್ವಯಿಸುವುದಿಲ್ಲ ಎಂಬುದನ್ನೂ ಟ್ರ್ಯಾಕಿಗೆ ಹೋಗುವ ಆಸೆಯಿರುವವರು ತಿಳಿದಿರಬೇಕು.

ಪೆಟ್ರೋಲ್ ವಿಷಯದಲ್ಲಿ ಹೊಸ ಕಾರಿಗೆ ಒಂದು ಮೇಲುಗೈ ಇದೆ. ಬಂಕ್‌ಗಳಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆತಿದೆ. ಕೆಲವು ವರ್ಷ ಹಿಂದಿನ ಆಮದು ಕಾರುಗಳಲ್ಲಿ ಇಂಧನ ಮುಚ್ಚಳದ ಒಳಗೆ ‘ಇ10’ ಎಂಬ ಗುರುತು ಮಾತ್ರ ಇರುತ್ತದೆ, ಅಂದರೆ ಶೇ 10ರವರೆಗಿನ ಮಿಶ್ರಣಕ್ಕೆ ಮಾತ್ರ ಕಂಪನಿಯ ಒಪ್ಪಿಗೆ. ಆ ಮುಚ್ಚಳ ತೆರೆದು ಓದಲು ಅರ್ಧ ನಿಮಿಷ ಸಾಕು.

ಬಳಸಿದ ಕಾರಿನ ಸಾಲಕ್ಕೆ ಬ್ಯಾಂಕ್‌ಗಳು ಹೊಸ ಕಾರಿಗಿಂತ ಹೆಚ್ಚಿನ ಬಡ್ಡಿ ಹಾಕುತ್ತವೆ ಮತ್ತು ಸಾಮಾನ್ಯವಾಗಿ ಬೆಲೆಯ ಸ್ವಲ್ಪ ಕಡಿಮೆ ಪಾಲಿಗೆ ಸಾಲ ಕೊಡುತ್ತವೆ. ಹೆಚ್ಚಿನ ಮೊತ್ತವನ್ನು ಸಾಲದಿಂದಲೇ ಹೊಂದಿಸುವವರಿಗೆ ಮೇಲಿನ ಉಳಿತಾಯದ ಒಂದು ಭಾಗ ಹೀಗೆ ಕರಗುತ್ತದೆ.

ಯಾರಿಗೆ ಯಾವುದು?

ಶೋರೂಮಿನಲ್ಲಿ ಸದಾ ಸಿಗುವ ಮಾದರಿಯೇ ಬೇಕಿದ್ದು, ಕರ್ನಾಟಕದಲ್ಲಿಯೇ ನೋಂದಣಿಯಾದ, ಒಬ್ಬನೇ ಮಾಲೀಕನ, ಎರಡು ವರ್ಷದ ಆಸುಪಾಸಿನ, ಮೊದಲ ಸರ್ವಿಸ್‌ನಿಂದ ಹಿಡಿದು ಎಲ್ಲ ದಾಖಲೆಗಳಿರುವ ಕಾರು ದೊರೆತರೆ ಅದನ್ನೇ ಕೊಳ್ಳುವುದು ಲಾಭಕರ. ನಮ್ಮ ಉದಾಹರಣೆಯಲ್ಲಿ 62 ಲಕ್ಷದ ಎದುರು 46 ಲಕ್ಷ ನಿಂತಿದೆ. ಹೊಸ ವಿಮೆ, ವರ್ಗಾವಣೆ ಖರ್ಚು ಕಳೆದರೂ ಉಳಿಯುವ ಹದಿಮೂರು, ಹದಿನಾಲ್ಕು ಲಕ್ಷದಲ್ಲಿ ಹಲವು ವರ್ಷಗಳ ಟೈರ್, ಬ್ರೇಕ್, ಸರ್ವಿಸ್ ಖರ್ಚು ನಡೆಯುತ್ತದೆ. ಕೆಲವೇ ಸಂಖ್ಯೆಯಲ್ಲಿ ಬರುವ ಮಾದರಿಯಾಗಿದ್ದು ಬಳಸಿದ ಕಾರಿನ ಬೆಲೆ ಹೊಸದರ ಹತ್ತಿರವೇ ಇದ್ದರೆ, ಅಥವಾ ಕಾರನ್ನು ಎಂಟು, ಹತ್ತು ವರ್ಷ ಇಟ್ಟುಕೊಳ್ಳುವ ನಿರ್ಧಾರವಿದ್ದರೆ, ಹೊಸದು ಮೇಲು. ದೀರ್ಘಕಾಲ ಇಟ್ಟುಕೊಳ್ಳುವವರಿಗೆ ಮೊದಲ ಎರಡು ವರ್ಷಗಳ ಸವಕಳಿ ಹತ್ತು ವರ್ಷಗಳಿಗೆ ಹಂಚಿಹೋಗುತ್ತದೆ, ಜೊತೆಗೆ ಎಂಜಿನ್ನಿನ ಇಡೀ ಚರಿತ್ರೆ ತಮಗೆ ಗೊತ್ತಿರುತ್ತದೆ.

ಬಳಸಿದ ಕಾರನ್ನು ಆರಿಸಿದವರು ಹಣ ಪಾವತಿಗೆ ಮೊದಲು ಪರಿವಾಹನ್ ತಾಣದಲ್ಲಿ ಆರ್‌ಸಿಯ ವಿವರ, ಬಾಕಿ ದಂಡ ಮತ್ತು ಹೈಪೋಥಿಕೇಶನ್, ಅಂದರೆ ಕಾರಿನ ಮೇಲೆ ಬ್ಯಾಂಕಿನ ಸಾಲದ ಹಕ್ಕು ಇದೆಯೇ ಎಂಬುದನ್ನು ನೋಡಬೇಕು. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಹಾಗೂ ಫಾರಂ 35, ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30, ಹೊರ ರಾಜ್ಯದ ಕಾರಾದರೆ ಫಾರಂ 28 ಬೇಕು. ಎರಡು ಕೀಲಿಗಳನ್ನೂ ಕೇಳಿ ಪಡೆಯಿರಿ. ಹಿಂದಿನವರ ಫಾಸ್ಟ್ಯಾಗ್ ಮುಚ್ಚಿಸಿ ನಿಮ್ಮ ಹೆಸರಿನಲ್ಲಿ ಹೊಸದನ್ನು ತೆಗೆಯಿರಿ. ಇತ್ತೀಚಿನ ಕಾರುಗಳಲ್ಲಿ ಮೊಬೈಲ್ ಆ್ಯಪ್ ಮೂಲಕ ಕಾರು ಎಲ್ಲಿದೆ ಎಂದು ನೋಡುವ, ಬಾಗಿಲು ತೆರೆಯುವ ಸೌಲಭ್ಯ ಇರುವುದರಿಂದ, ಹಿಂದಿನ ಮಾಲೀಕರ ಖಾತೆಯನ್ನು ಕಾರಿನ ಪರದೆಯಿಂದ ಅವರ ಎದುರಿನಲ್ಲಿಯೇ ತೆಗೆಸಿ, ಅದು ತೆಗೆದುಹೋದದ್ದನ್ನು ಅವರ ಫೋನಿನಲ್ಲಿಯೂ ನೋಡಿ ಖಚಿತಪಡಿಸಿಕೊಂಡ ಬಳಿಕವೇ ಕೊನೆಯ ಕಂತಿನ ಹಣವನ್ನು ವರ್ಗಾಯಿಸಿ.